ಕಾರಿನ ವಿಸ್ತರಿತ ವಾರಂಟಿ: ಮಲೆನಾಡಿಗೆ ಎಷ್ಟು ಉಪಯುಕ್ತ?

ಅಡಿಕೆ ಕೊಯ್ಲು ಮುಗಿದು ಮಂಡಿಯ ಹಣ ಕೈಸೇರುವ ತಿಂಗಳುಗಳಲ್ಲಿ ಶಿವಮೊಗ್ಗ, ಚಿಕ್ಕಮಗಳೂರು, ಶಿರಸಿಯ ಕಾರು ಮಳಿಗೆಗಳಲ್ಲಿ ಮಲೆನಾಡಿನ ಕುಟುಂಬಗಳು ಹೆಚ್ಚಾಗಿ ಕಾಣಸಿಗುತ್ತವೆ. ಬಸ್ಸು ದಿನಕ್ಕೆ ಎರಡೇ ಬಾರಿ ಬರುವ, ಮಳೆಗಾಲದಲ್ಲಿ ಅದೂ ಬಾರದಿರುವ ಊರುಗಳಲ್ಲಿ ಕಾರು ಈಗ ಅಂತಸ್ತಿನ ಗುರುತಾಗಿ ಉಳಿದಿಲ್ಲ. ಹೆರಿಗೆ ನೋವು, ಹಾವಿನ ಕಡಿತ, ನಡುರಾತ್ರಿಯ ಎದೆನೋವುಗಳ ಹೊತ್ತಿನಲ್ಲಿ ಇಡೀ ಕೇರಿಗೆ ಅದೇ ಆಂಬುಲೆನ್ಸು. ಅಂಥ ವಾಹನ ಕೆಟ್ಟು ನಿಂತರೆ ಏನು ಗತಿ ಎಂಬ ಭಯ ಸಹಜವಾದದ್ದು. ಈ ಭಯಕ್ಕೆ ಪರಿಹಾರವೆಂದು ಕಾರಿನ ಬೆಲೆಪಟ್ಟಿಯ ಕೊನೆಯಲ್ಲಿ ಒಂದು ಸಾಲು ಸೇರಿರುತ್ತದೆ: ವಿಸ್ತರಿತ ವಾರಂಟಿ.

ವಿಮೆ, ನೋಂದಣಿ, ಆಯುಷ್ಯ ತೆರಿಗೆಗಳ ಸಾಲಿನಲ್ಲಿಯೇ ಇದನ್ನೂ ಬರೆದಿರುವುದರಿಂದ ಇದು ಕಡ್ಡಾಯವೆಂದೇ ಹಲವರು ಭಾವಿಸುತ್ತಾರೆ. ಇದು ಕಡ್ಡಾಯವಲ್ಲ. ಮೂರನೆಯ ವ್ಯಕ್ತಿಯ ಹಾನಿಗೆ ಸಂಬಂಧಿಸಿದ ವಿಮೆಯನ್ನು ಕಾನೂನು ಕೇಳುತ್ತದೆ, ಇದನ್ನಲ್ಲ. ವಿಸ್ತರಿತ ವಾರಂಟಿ ಎಂಬುದು ಕಂಪನಿಯು ಹಣಕ್ಕೆ ಮಾರುವ ಒಂದು ಪ್ರತ್ಯೇಕ ಸರಕು. ಬೇಡವೆನ್ನುವ ಸ್ವಾತಂತ್ರ್ಯ ಕೊಳ್ಳುವವರಿಗೆ ಪೂರ್ಣವಾಗಿದೆ. ಹಾಗಾದರೆ ಮಲೆನಾಡಿನ ಸಾಮಾನ್ಯ ಕೃಷಿ ಕುಟುಂಬವೊಂದು ಇದನ್ನು ಕೊಳ್ಳಬೇಕೆ, ಬಿಡಬೇಕೆ? ಭಯವನ್ನು ಬದಿಗಿಟ್ಟು ಲೆಕ್ಕದ ಮೂಲಕ ಉತ್ತರ ಹುಡುಕುವುದು ಈ ಬರಹದ ಉದ್ದೇಶ.

ಕಾಗದ ಕೊಡುವುದೇನು, ಕೊಡದಿರುವುದೇನು?

ಹೊಸ ಕಾರಿನೊಂದಿಗೆ ಹೆಚ್ಚಿನ ಹಣವಿಲ್ಲದೆ ಬರುವುದು ಮೂಲ ವಾರಂಟಿ. ತಯಾರಿಕೆಯಲ್ಲಿಯೇ ದೋಷವಿದ್ದು ಯಾವುದಾದರೂ ಭಾಗ ಕೆಟ್ಟರೆ ಕಂಪನಿಯು ತನ್ನ ಖರ್ಚಿನಲ್ಲಿ ಸರಿಪಡಿಸುತ್ತದೆ ಎಂಬುದು ಅದರ ಸಾರ. ಈ ಅವಧಿ ಮುಗಿದ ಮೇಲೆ ಇನ್ನೊಂದೆರಡು ಅಥವಾ ಮೂರು ವರ್ಷ ಅದೇ ಬಗೆಯ ರಕ್ಷಣೆಯನ್ನು ಮುಂದುವರಿಸುವುದೇ ವಿಸ್ತರಿತ ವಾರಂಟಿ. ವರ್ಷ ಹಾಗೂ ಕಿಲೋಮೀಟರ್ ಎರಡರಲ್ಲಿ ಯಾವುದು ಮೊದಲು ಮುಗಿಯುತ್ತದೆಯೋ ಅಲ್ಲಿಗೆ ಒಪ್ಪಂದವೂ ಮುಗಿಯುತ್ತದೆ.

ಎಂಜಿನ್‌ನ ಒಳಭಾಗಗಳು, ಗೇರ್‌ಬಾಕ್ಸ್, ಇಂಧನ ಪಂಪು, ಇಂಜೆಕ್ಟರ್, ಸ್ಟೇರಿಂಗ್ ಮೋಟಾರು, ಎಸಿ ಕಂಪ್ರೆಸರ್, ಎಂಜಿನ್ನನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ ಇವು ಸಾಮಾನ್ಯವಾಗಿ ಇದರ ವ್ಯಾಪ್ತಿಗೆ ಸೇರುತ್ತವೆ. ಬಳಕೆಯಿಂದ ಸವೆಯುವ ಭಾಗಗಳು ಹೊರಗುಳಿಯುತ್ತವೆ. ಕ್ಲಚ್ ಪ್ಲೇಟು, ಬ್ರೇಕ್ ಪ್ಯಾಡು, ಟೈರು, ವೈಪರು, ಬಲ್ಬು, ಫಿಲ್ಟರು, ಆಯಿಲ್, ರಬ್ಬರಿನ ಬುಷ್‌ಗಳು ಈ ಪಟ್ಟಿಯಲ್ಲಿರುತ್ತವೆ. ಅಪಘಾತ, ನೆರೆ, ಎಂಜಿನ್‌ಗೆ ನೀರು ನುಗ್ಗುವುದು, ಇಲಿ ಕಡಿದ ತಂತಿ, ಕಲಬೆರಕೆ ಇಂಧನ, ಹೊರಗಿನ ತುಕ್ಕು ಇವುಗಳಿಂದಾದ ಹಾನಿಯೂ ಸಾಮಾನ್ಯವಾಗಿ ಹೊರಗೇ.

ಈ ಎರಡು ಪಟ್ಟಿಗಳನ್ನು ಮಲೆನಾಡಿನ ರಸ್ತೆಯ ಪಕ್ಕದಲ್ಲಿಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಘಾಟಿಯ ಏರುತಿರುವಿನಲ್ಲಿ ಅರ್ಧ ಕ್ಲಚ್ ಒತ್ತಿಕೊಂಡೇ ಸಾಗಬೇಕಾದ ಕಾರಿನಲ್ಲಿ ಮೊದಲು ಸವೆಯುವುದು ಕ್ಲಚ್ ಪ್ಲೇಟು. ಇಳಿಜಾರಿನಲ್ಲಿ ಸವೆಯುವುದು ಬ್ರೇಕು. ಮನೆಯಿಂದ ಡಾಂಬರು ರಸ್ತೆಯವರೆಗಿನ ಕಲ್ಲುಹಾದಿಯಲ್ಲಿ ಕಿತ್ತುಹೋಗುವುದು ಬುಷ್‌ಗಳು. ಆಗುಂಬೆಯಂಥ ಕಡೆ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುತ್ತದೆ. ಅಲ್ಲಿ ತಗಡು ತುಕ್ಕು ಹಿಡಿಯುವುದಕ್ಕೆ ಕಾರಣ ಹುಡುಕಬೇಕಾಗಿಲ್ಲ. ಕೊಟ್ಟಿಗೆಯ ಪಕ್ಕ, ಭತ್ತದ ಕಣಜದ ಬಳಿ ನಿಲ್ಲಿಸಿದ ಕಾರಿನ ತಂತಿಗಳು ಇಲಿ ಹೆಗ್ಗಣಗಳ ಪಾಲಾಗುವುದೂ ಹೊಸತಲ್ಲ. ಮಲೆನಾಡು ಕಾರಿಗೆ ಮಾಡುವ ಹಾನಿಯಲ್ಲಿ ಬಹುಪಾಲು ವಾರಂಟಿಯ ‘ಹೊರಗೆ’ ಎಂಬ ಪಟ್ಟಿಯಲ್ಲಿಯೇ ಇದೆ. ಇಲ್ಲಿನ ಮಣ್ಣು, ಮಳೆ, ಏರುಗಳ ವಿರುದ್ಧ ರಕ್ಷಣೆ ದೊರೆಯುತ್ತದೆಂದು ನಂಬಿ ಹಣ ತೆರುವವರು ಬಯಲುಸೀಮೆಯ ಹೊಲದಲ್ಲಿ ಬೆಳೆದ ತಳಿಯನ್ನು ಮಣ್ಣು ನೋಡದೆ ಗುಡ್ಡದ ಗದ್ದೆಗೆ ತಂದು ನೆಟ್ಟಂತೆ.

ಇಲ್ಲಿ ವಾರಂಟಿಗೂ ವಿಮೆಗೂ ಇರುವ ವ್ಯತ್ಯಾಸವನ್ನು ತಿಳಿಯುವುದು ಅಗತ್ಯ. ಮರ ಬಿದ್ದು ಕಾರು ಜಖಂಗೊಂಡರೆ, ಧರೆ ಕುಸಿದು ಮಣ್ಣಿನಡಿ ಸಿಕ್ಕರೆ, ನೆರೆಯಲ್ಲಿ ಮುಳುಗಿದರೆ ವಾರಂಟಿ ಪ್ರಯೋಜನಕ್ಕೆ ಬಾರದು. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿಯ ಉದ್ದಕ್ಕೂ ಭೂಕುಸಿತಗಳಾಗಿ ಸಂಚಾರ ನಿಂತುಹೋದದ್ದನ್ನು ಕಂಡವರಿಗೆ ಇಂಥ ಅಪಾಯ ದೂರದ್ದೇನೂ ಅಲ್ಲ. ಭೂಕುಸಿತ, ನೆರೆ, ಬಿರುಗಾಳಿಗಳಿಂದಾಗುವ ಹಾನಿಯನ್ನು ಭರಿಸುವುದು ಸಮಗ್ರ ವಿಮೆ. ನೀರು ನುಗ್ಗಿ ಎಂಜಿನ್ ಹಾಳಾಗುವುದಕ್ಕೆ ಮಾತ್ರ ‘ಎಂಜಿನ್ ರಕ್ಷಣೆ’ ಎಂಬ ಪ್ರತ್ಯೇಕ ಸೇರ್ಪಡೆಯನ್ನು ವಿಮೆಯೊಂದಿಗೆ ಕೊಳ್ಳಬೇಕಾಗುತ್ತದೆ. ಸಂಕ ದಾಟಿ ಮನೆ ಸೇರಬೇಕಾದ ಕುಟುಂಬದ ಕೈಯಲ್ಲಿ ಸೀಮಿತ ಹಣವಿದ್ದರೆ ಅದು ಮೊದಲು ಹೋಗಬೇಕಾದುದು ವಿಮೆಯ ಈ ಸೇರ್ಪಡೆಗೆ.

ಸಂಭವದ ಲೆಕ್ಕ

ಯಂತ್ರಗಳು ಕೆಡುವ ಬಗೆಯನ್ನು ಎಂಜಿನಿಯರುಗಳು ಸ್ನಾನದ ತೊಟ್ಟಿಯ ಆಕಾರದ ರೇಖೆಯೊಂದರಿಂದ ವಿವರಿಸುತ್ತಾರೆ. ಆರಂಭದಲ್ಲಿ ತಯಾರಿಕೆಯ ದೋಷಗಳಿಂದ ಕೆಡುವ ಪ್ರಮಾಣ ಹೆಚ್ಚು. ಆಮೇಲೆ ಬಹುಕಾಲ ಕಡಿಮೆ. ಕೊನೆಗೆ ಸವೆತದಿಂದ ಮತ್ತೆ ಹೆಚ್ಚು. ಅಡಿಕೆ ತೋಟ ಮಾಡಿದವರಿಗೆ ಇದು ಪರಿಚಿತ ಸಂಗತಿ. ನೆಟ್ಟ ಮೊದಲ ವರ್ಷಗಳಲ್ಲಿ ಸಸಿಗಳು ಸಾಯುತ್ತವೆ, ಜಾಗ ತುಂಬಬೇಕಾಗುತ್ತದೆ. ಬೇರೂರಿದ ಮೇಲೆ ದಶಕಗಳ ಕಾಲ ಮರಗಳು ನಿಲ್ಲುತ್ತವೆ. ವಯಸ್ಸಾದ ಮೇಲೆ ಒಂದೊಂದಾಗಿ ಬೀಳತೊಡಗುತ್ತವೆ. ಕಾರಿನ ಆರಂಭದ ದೋಷಗಳು ಬಹುಮಟ್ಟಿಗೆ ಮೂಲ ವಾರಂಟಿಯ ಅವಧಿಯಲ್ಲಿಯೇ ಹೊರಬೀಳುತ್ತವೆ. ವಿಸ್ತರಿತ ವಾರಂಟಿಯ ನಾಲ್ಕು ಮತ್ತು ಐದನೆಯ ವರ್ಷಗಳು ಮನೆಬಳಕೆಯ ಕಾರಿನ ಮಟ್ಟಿಗೆ ತೊಟ್ಟಿಯ ತಳಭಾಗದ ವರ್ಷಗಳು. ಅಪಾಯ ಅತಿ ಕಡಿಮೆ ಇರುವ ಕಾಲಕ್ಕೇ ರಕ್ಷಣೆ ಮಾರಾಟವಾಗುತ್ತದೆ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಎರಡು ವರ್ಷಗಳ ವಿಸ್ತರಣೆಗೆ 20,000 ರೂ. ಬೆಲೆಯಿದೆ ಎಂದೂ, ಆ ಅವಧಿಯಲ್ಲಿ ದೊಡ್ಡ ಭಾಗವೊಂದು ಕೆಟ್ಟರೆ 80,000 ರೂ. ತಗಲುತ್ತದೆ ಎಂದೂ ಭಾವಿಸಿದರೆ, ನಾಲ್ಕು ಕಾರುಗಳಲ್ಲಿ ಒಂದಾದರೂ ಆ ಎರಡು ವರ್ಷಗಳಲ್ಲಿ ಅಷ್ಟು ದೊಡ್ಡದಾಗಿ ಕೆಟ್ಟರೆ ಮಾತ್ರ ಲೆಕ್ಕ ಸರಿಹೋಗುತ್ತದೆ. ಹತ್ತರಲ್ಲಿ ಒಂದು ಕೆಡುವುದಾದರೆ ಆ ರಕ್ಷಣೆಯ ನಿಜವಾದ ಬೆಲೆ 8,000 ರೂ. ಮಾತ್ರ, ಉಳಿದದ್ದು ಮಾರಾಟಗಾರರ ಕಮಿಷನ್, ಕಂಪನಿಯ ಖರ್ಚು, ಲಾಭ. ಮೊತ್ತಗಳು ಕಾರಿನಿಂದ ಕಾರಿಗೆ ಬೇರೆಯಾಗುತ್ತವೆ, ವಿಧಾನ ಬೇರೆಯಾಗುವುದಿಲ್ಲ. ವಾರಂಟಿಯ ಬೆಲೆಯನ್ನು ದೊಡ್ಡ ರಿಪೇರಿಯ ಬೆಲೆಯಿಂದ ಭಾಗಿಸಿ, ಬಂದ ಉತ್ತರವನ್ನು ಊರಿನ ಅನುಭವಿ ಮೆಕ್ಯಾನಿಕ್ಕಿನ ಮುಂದಿಟ್ಟು ಕೇಳಬೇಕು: ಈ ಮಾದರಿಯ ನಾಲ್ಕು ಕಾರುಗಳಲ್ಲಿ ಒಂದು, ಐದು ವರ್ಷದೊಳಗೆ ಹೀಗೆ ಕೆಡುವುದುಂಟೆ? ಆತನ ಉತ್ತರ ಮಳಿಗೆಯ ಯಾವ ಬಣ್ಣದ ಕರಪತ್ರಕ್ಕಿಂತಲೂ ಹೆಚ್ಚು ಬೆಲೆಯುಳ್ಳದ್ದು.

ಸಾಲದ ಲೆಕ್ಕವನ್ನೂ ಸೇರಿಸಬೇಕು. ವಾರಂಟಿಯ 20,000 ರೂ.ಗಳನ್ನು ಕಾರಿನ ಸಾಲದೊಳಗೇ ಸೇರಿಸಿ ಶೇ. 9ರ ಬಡ್ಡಿಯಲ್ಲಿ ಐದು ವರ್ಷ ತೀರಿಸಿದರೆ ಒಟ್ಟು ಸುಮಾರು 24,900 ರೂ. ಕೊಟ್ಟಂತಾಗುತ್ತದೆ. ಅದೇ 20,000 ರೂ. ಕೈಯಲ್ಲಿದ್ದು ಶೇ. 7ರ ಠೇವಣಿಯಲ್ಲಿ ಇಟ್ಟರೆ ಐದು ವರ್ಷಕ್ಕೆ ಸುಮಾರು 28,000 ರೂ. ಆಗುತ್ತದೆ. ಕಾರು ಕೆಡದಿದ್ದರೆ ವಾರಂಟಿಯ ಹಣ ಹೋದಂತೆಯೇ. ಠೇವಣಿಯ ಹಣ ಮನೆಯಲ್ಲಿಯೇ ಉಳಿಯುತ್ತದೆ, ಕ್ಲಚ್ ಪ್ಲೇಟಿಗೂ ಆಗುತ್ತದೆ, ಕೊಳೆರೋಗ ಬಂದ ವರ್ಷ ಬೋರ್ಡೋ ದ್ರಾವಣದ ಸಿಂಪರಣೆಗೂ ಆಗುತ್ತದೆ.

ಅಡಿಕೆ ಬೆಳೆಗಾರರು ಹವಾಮಾನ ಆಧಾರಿತ ಬೆಳೆ ವಿಮೆಗೆ ಹಣ ಕಟ್ಟುತ್ತಾರಲ್ಲವೆ, ಇದೂ ಹಾಗೆಯೇ ಅಲ್ಲವೆ ಎಂಬ ಪ್ರಶ್ನೆ ಏಳಬಹುದು. ಎರಡಕ್ಕೂ ಅಂತರವಿದೆ. ಆ ಯೋಜನೆಯಲ್ಲಿ ಕರ್ನಾಟಕದ ಅಡಿಕೆಗೆ ಹೆಕ್ಟೇರಿಗೆ 1,28,000 ರೂ. ವಿಮಾ ಮೊತ್ತಕ್ಕೆ ರೈತನು ಕಟ್ಟುತ್ತಾ ಬಂದಿರುವುದು ಶೇ. 5, ಅಂದರೆ 6,400 ರೂ.; ಕಂತಿನ ಉಳಿದ ಭಾಗವನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಭರಿಸುತ್ತವೆ. ಅಲ್ಲದೆ ಬೆಳೆ ಹೋದರೆ ವರ್ಷದ ಅನ್ನವೇ ಹೋಗುತ್ತದೆ. ಕಾರಿನ ವಾರಂಟಿಯಲ್ಲಿ ಕಂತಿನ ಪ್ರತಿ ರೂಪಾಯಿಯೂ ಕೊಳ್ಳುವವರದೇ, ಜೊತೆಗೆ ತೆರಿಗೆಯೂ ಅವರದೇ. ತಾಳಿಕೊಳ್ಳಲಾಗದ ನಷ್ಟಕ್ಕೆ ಮಾತ್ರ ಹಣ ಕೊಟ್ಟು ರಕ್ಷಣೆ ಪಡೆಯಬೇಕು, ತಾಳಿಕೊಳ್ಳಬಹುದಾದ ನಷ್ಟಕ್ಕೆ ಸ್ವಂತ ಉಳಿತಾಯವೇ ಸಾಕು ಎಂಬುದು ವಿಮೆಯ ಹಳೆಯ ಸೂತ್ರ.

ಯಾರಿಗೆ ಬೇಕು?

ಎಲ್ಲರಿಗೂ ಬೇಡವೆಂದು ಹೇಳಿಬಿಡುವುದೂ ಸರಿಯಲ್ಲ. ಸ್ವಯಂಚಾಲಿತ ಗೇರ್‌ಬಾಕ್ಸ್, ಟರ್ಬೊ ಎಂಜಿನ್, ಹೇರಳ ಎಲೆಕ್ಟ್ರಾನಿಕ್ ಸಲಕರಣೆಗಳಿರುವ ಕಾರುಗಳಲ್ಲಿ ಒಂದೇ ಭಾಗ ಕೆಟ್ಟರೂ ಲಕ್ಷದ ಸಮೀಪದ ಬಿಲ್ಲು ಬರಬಹುದು. ಅಂಥದನ್ನು ಊರಿನ ಗ್ಯಾರೇಜಿನಲ್ಲಿ ಸರಿಪಡಿಸುವುದೂ ಕಷ್ಟ. ಪ್ರತಿದಿನ ನೂರು ಕಿಲೋಮೀಟರ್ ಓಡಾಡುವ ಅಧ್ಯಾಪಕಿಗೆ ಅಥವಾ ನೌಕರನಿಗೆ, ಒಂದೇ ಬಾರಿಗೆ ದೊಡ್ಡ ಮೊತ್ತವನ್ನು ಹೊಂದಿಸಲಾರದ ಕುಟುಂಬಕ್ಕೆ, ಅಧಿಕೃತ ಸರ್ವಿಸ್ ಕೇಂದ್ರ ಹತ್ತಿರವೇ ಇದ್ದರೆ, ಇದು ಪ್ರಯೋಜನಕ್ಕೆ ಬಂದೀತು. ಆದರೆ ಹೆಚ್ಚು ಓಡುವವರು ಕಿಲೋಮೀಟರ್ ಮಿತಿಯನ್ನು ಗಮನಿಸಬೇಕು; ದಿನಕ್ಕೆ ನೂರರ ಲೆಕ್ಕದಲ್ಲಿ ವರ್ಷಕ್ಕೆ 30,000 ಕಿ.ಮೀ. ದಾಟುವ ಕಾರಿಗೆ ಐದು ವರ್ಷದ ಕಾಗದವು ಐದು ವರ್ಷ ಬಾಳದಿರಬಹುದು. ಹಳದಿ ಫಲಕದ ಬಾಡಿಗೆ ವಾಹನಗಳಿಗೆ ಷರತ್ತುಗಳು ಬೇರೆಯೇ ಇರಬಹುದು. ಅವನ್ನು ಪ್ರತ್ಯೇಕವಾಗಿ ಓದಬೇಕು. ವಿದ್ಯುತ್ ಕಾರುಗಳಲ್ಲಿ ಅತಿ ದುಬಾರಿಯಾದ ಬ್ಯಾಟರಿಗೆ ಸಾಮಾನ್ಯವಾಗಿ 8 ವರ್ಷ ಅಥವಾ 1,60,000 ಕಿ.ಮೀ.ಗಳ ವಾರಂಟಿ ಮೊದಲೇ ಇರುತ್ತದೆ. ವಿಸ್ತರಣೆ ಕೊಳ್ಳುವ ಮೊದಲು ಅದು ಉಳಿದ ಯಾವ ಭಾಗಗಳಿಗೆ ಎಂಬುದನ್ನು ಕೇಳಬೇಕು.

ಇದಕ್ಕೆ ವಿರುದ್ಧವಾಗಿ, ವರ್ಷಕ್ಕೆ ನಾಲ್ಕೈದು ಸಾವಿರ ಕಿಲೋಮೀಟರ್ ಓಡುವ, ಕೈಯಿಂದ ಗೇರ್ ಹಾಕುವ ಸರಳ ಕಾರನ್ನು ಇಟ್ಟುಕೊಂಡ ತೋಟದ ಮನೆಗೆ ಈ ಖರ್ಚು ಬಹುಮಟ್ಟಿಗೆ ಅನಗತ್ಯ. ಇಂಥವರಿಗೆ ಇನ್ನೊಂದು ಅಪಾಯವೂ ಇದೆ. ಸರ್ವಿಸ್‌ನ ಅವಧಿಯನ್ನು ಅನೇಕ ಕಂಪನಿಗಳು ‘10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು’ ಎಂದು ನಿಗದಿಮಾಡಿರುತ್ತವೆ. ಕಾರು ಹೆಚ್ಚು ಓಡಿಲ್ಲವೆಂದು ವರ್ಷದ ಸರ್ವಿಸನ್ನು ತಪ್ಪಿಸಿದವರ ಕೋರಿಕೆಯನ್ನು ಅದೊಂದೇ ಕಾರಣಕ್ಕೆ ತಳ್ಳಿಹಾಕಬಹುದು. ಆಗುಂಬೆಯಿಂದ ಶಿವಮೊಗ್ಗ ಸುಮಾರು 90 ಕಿ.ಮೀ. ಹೋಗಿಬರುವುದಕ್ಕೆ ಲೀಟರಿಗೆ 15 ಕಿ.ಮೀ. ಲೆಕ್ಕದಲ್ಲಿ 12 ಲೀಟರ್ ಇಂಧನ, ನೂರು ರೂಪಾಯಿಯ ದರ ಹಿಡಿದರೂ 1,200 ರೂ., ಜೊತೆಗೆ ಒಂದು ದಿನದ ಕೆಲಸ. ಮಲೆನಾಡಿನ ಒಳಹಳ್ಳಿಗಳಲ್ಲಿ ಇರುವವರು ಈ ಮೊತ್ತವನ್ನೂ ವಾರಂಟಿಯ ಬೆಲೆಗೆ ಸೇರಿಸಿಯೇ ತೂಗಬೇಕು.

ಅವಸರ ಏಕೆ ಬೇಡ?

‘ಇಂದೇ ತೆಗೆದುಕೊಂಡರೆ ಮಾತ್ರ ಈ ಬೆಲೆ’ ಎಂಬ ಮಾತು ಮಳಿಗೆಗಳಲ್ಲಿ ಸಾಮಾನ್ಯ. ಆದರೆ ಅನೇಕ ಕಂಪನಿಗಳು ಮೂಲ ವಾರಂಟಿ ಮುಗಿಯುವ ಮೊದಲು ಯಾವಾಗ ಬೇಕಾದರೂ ವಿಸ್ತರಣೆ ಕೊಳ್ಳಲು ಅವಕಾಶ ನೀಡುತ್ತವೆ. ತಡವಾದಷ್ಟೂ ಬೆಲೆ ಸ್ವಲ್ಪ ಏರುತ್ತದೆ ಎಂಬುದು ನಿಜ. ಆ ಏರಿಕೆಗೆ ಪ್ರತಿಯಾಗಿ ದೊರೆಯುವುದು ಎರಡು ಮೂರು ಮಳೆಗಾಲಗಳ ಅನುಭವ: ಕಾರು ಹೇಗೆ ಓಡಿತು, ಎಷ್ಟು ಬಾರಿ ನಿಂತಿತು, ಅದೇ ಮಾದರಿ ಕೊಂಡ ನೆರೆಹೊರೆಯವರು ಏನು ಹೇಳುತ್ತಾರೆ, ಅದನ್ನು ಇಟ್ಟುಕೊಳ್ಳುವುದೋ ಮಾರುವುದೋ. ಹೊಸ ತಳಿಯನ್ನು ಒಂದು ಹಂಗಾಮು ನೋಡಿ ಆಮೇಲೆ ಇಡೀ ಗದ್ದೆಗೆ ಹಾಕುವ ಕೃಷಿಕರ ವಿವೇಕ ಇಲ್ಲಿಯೂ ಸಲ್ಲುತ್ತದೆ.

ಕೊಳ್ಳಬೇಕೆಂದು ತೀರ್ಮಾನಿಸಿದವರು ಸಹಿಗೆ ಮೊದಲು ಈ ಪ್ರಶ್ನೆಗಳಿಗೆ ಉತ್ತರ ಪಡೆಯಬೇಕು.

1. ಒಪ್ಪಂದ ಕಾರು ತಯಾರಿಸಿದ ಕಂಪನಿಯದೋ, ಮಾರಾಟಗಾರರದೋ, ಮೂರನೆಯ ಸಂಸ್ಥೆಯದೋ?
2. ಹೊರಗುಳಿದ ಭಾಗಗಳ ಪೂರ್ಣ ಪಟ್ಟಿ ಎಲ್ಲಿದೆ?
3. ಹತ್ತಿರದ ಅಧಿಕೃತ ಕೇಂದ್ರ ಯಾವುದು? ಕೆಟ್ಟ ಕಾರನ್ನು ಅಲ್ಲಿಗೆ ಎಳೆದೊಯ್ಯುವ ಖರ್ಚು ಯಾರದು?
4. ಊರಿನ ಗ್ಯಾರೇಜಿನಲ್ಲಿ ಆಯಿಲ್ ಬದಲಿಸಿದರೆ ಒಪ್ಪಂದ ರದ್ದಾಗುವುದೇ?
5. ಕಾರು ಮಾರಿದರೆ ವಾರಂಟಿ ಹೊಸ ಮಾಲೀಕರಿಗೆ ವರ್ಗವಾಗುವುದೇ?
6. ಭಾಗಗಳ ಬೆಲೆಯ ಜೊತೆಗೆ ಕೆಲಸದ ಕೂಲಿಯೂ ಸೇರಿದೆಯೇ?

ಬಾಯಿಮಾತಿನ ಭರವಸೆಗೆ ಬೆಲೆಯಿಲ್ಲ. ಷರತ್ತುಗಳ ಪುಸ್ತಿಕೆ ಇಂಗ್ಲಿಷಿನಲ್ಲಿದ್ದರೆ ಮನೆಯಲ್ಲಿರುವ ಕಾಲೇಜು ವಿದ್ಯಾರ್ಥಿಗಳು ಅದನ್ನು ಓದಿ ಹಿರಿಯರಿಗೆ ಕನ್ನಡದಲ್ಲಿ ವಿವರಿಸಬೇಕು.

ಹಣ ಕೊಟ್ಟೂ ನ್ಯಾಯ ಸಿಗದಿದ್ದರೆ ದಾರಿಯಿಲ್ಲವೆಂದು ತಿಳಿಯಬೇಕಾಗಿಲ್ಲ. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಡಿ ಗ್ರಾಹಕರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು; ಮಾರಾಟಗಾರರ ಊರಿಗೆ ಅಲೆಯಬೇಕಾಗಿಲ್ಲ. ಕಾರಣ ಉಂಟಾದ ದಿನದಿಂದ ಎರಡು ವರ್ಷದೊಳಗೆ ದೂರು ಸಲ್ಲಬೇಕು. ಕೊಟ್ಟ ಬೆಲೆ 5 ಲಕ್ಷ ರೂ. ಮೀರದಿದ್ದರೆ ಶುಲ್ಕವಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ತಿರಸ್ಕಾರದ ಕಾರಣವನ್ನು ಲಿಖಿತವಾಗಿ ಪಡೆಯುವುದು, ಪ್ರತಿ ಸರ್ವಿಸ್‌ನ ರಸೀದಿ ಕಾಯ್ದಿಡುವುದು ಈ ಹೋರಾಟಕ್ಕೆ ಬೇಕಾದ ಆಯುಧಗಳು.

ಊರಿನ ಗ್ಯಾರೇಜು ಉಳಿಯಬೇಕು

ಈ ಪ್ರಶ್ನೆಗೆ ಮನೆಯ ಲೆಕ್ಕವನ್ನು ಮೀರಿದ ಇನ್ನೊಂದು ಮುಖವಿದೆ. ವಾರಂಟಿಯ ಷರತ್ತು ಕಾರನ್ನು ಐದಾರು ವರ್ಷ ಅಧಿಕೃತ ಕೇಂದ್ರಕ್ಕೆ ಕಟ್ಟಿಹಾಕುತ್ತದೆ. ಊರಿನ ಮೆಕ್ಯಾನಿಕ್ಕಿಗೆ ಹೊಸ ಕಾರಿನ ಬಾನೆಟ್ ತೆರೆಯುವ ಅವಕಾಶವೇ ಬರುವುದಿಲ್ಲ; ಬಾರದಿದ್ದರೆ ಕಲಿಯುವುದಿಲ್ಲ; ಕಲಿಯದಿದ್ದರೆ ಆತನ ಗ್ಯಾರೇಜು ಮುಚ್ಚುತ್ತದೆ. ಮಳೆಗಾಲದ ರಾತ್ರಿ ಘಾಟಿಯ ನಡುವೆ ಕಾರು ನಿಂತಾಗ ಫೋನಿಗೆ ಓಗೊಟ್ಟು ಬರುವವನು ಆತನೇ ಹೊರತು ನಗರದ ಕೇಂದ್ರವಲ್ಲ. ಸವೆದ ಭಾಗವನ್ನು ತಿದ್ದಿ ಮತ್ತೆ ಬಳಸುವ ಕೈಚಳಕ ಅಂಥ ಗ್ಯಾರೇಜುಗಳಲ್ಲಿದೆ. ಸಣ್ಣ ದೋಷಕ್ಕೂ ಇಡೀ ಜೋಡಣೆಯನ್ನೇ ಕಿತ್ತು ಹೊಸದನ್ನು ಹಾಕುವ ಪದ್ಧತಿ ಹೆಚ್ಚಿದಷ್ಟೂ ಗುಜರಿಯ ರಾಶಿ ಬೆಳೆಯುತ್ತದೆ, ಅದಿರಿಗಾಗಿ ಇನ್ನೊಂದು ಗುಡ್ಡ ಬಗೆಯಬೇಕಾಗುತ್ತದೆ. ಗಣಿಗಾರಿಕೆಯ ಪರಿಣಾಮವನ್ನು ಕುದುರೆಮುಖದಲ್ಲಿ ಕಂಡ ನೆಲಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾನೂನು ಈ ದಿಕ್ಕಿನಲ್ಲಿ ಮಾತನಾಡಿದೆ. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗವು 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂ. ದಂಡ ವಿಧಿಸಿತು. ಬಿಡಿಭಾಗಗಳನ್ನೂ ತಾಂತ್ರಿಕ ಮಾಹಿತಿಯನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ತಡೆದದ್ದು ಅವುಗಳ ಮೇಲಿದ್ದ ಮುಖ್ಯ ಆರೋಪ. ಹೊರಗೆ ರಿಪೇರಿ ಮಾಡಿಸಿದರೆ ವಾರಂಟಿಯೇ ರದ್ದು ಎಂಬ ಸಾರಾಸಗಟು ಷರತ್ತು ಸಲ್ಲದು, ಹೊರಗಿನ ತಪ್ಪು ಕೆಲಸದಿಂದಾದ ಹಾನಿಯ ಮಟ್ಟಿಗೆ ಮಾತ್ರ ವಾರಂಟಿ ನಿರಾಕರಿಸಬಹುದು ಎಂದೂ ಆಯೋಗ ಹೇಳಿತು. ಕಂಪನಿಗಳು ಈ ಆದೇಶವನ್ನು ಮೇಲಿನ ಪೀಠಗಳಲ್ಲಿ ಪ್ರಶ್ನಿಸಿದವು. 2016ರ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಮಂಡಳಿಯು ಮೂರು ಕಂಪನಿಗಳ ದಂಡವನ್ನು ತಗ್ಗಿಸಿದರೂ ಅವು ತಪ್ಪೆಸಗಿವೆ ಎಂಬ ತೀರ್ಮಾನವನ್ನು ಎತ್ತಿಹಿಡಿಯಿತು. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು ‘ರಿಪೇರಿಯ ಹಕ್ಕು’ ಕುರಿತು ಸಮಿತಿಯೊಂದನ್ನು ರಚಿಸಿತು. ಅದು ಆರಿಸಿಕೊಂಡ ಕ್ಷೇತ್ರಗಳಲ್ಲಿ ಕೃಷಿ ಯಂತ್ರೋಪಕರಣಗಳೂ ವಾಹನಗಳೂ ಇವೆ. ಇಷ್ಟಾದರೂ ವಾರಂಟಿಯ ಕಾಗದಗಳಲ್ಲಿ ಅಧಿಕೃತ ಕೇಂದ್ರದ ಷರತ್ತು ಇನ್ನೂ ಕಾಣಿಸುತ್ತದೆ. ಗ್ರಾಮಸಭೆ, ಸಹಕಾರ ಸಂಘ, ಬೆಳೆಗಾರರ ಸಂಘಟನೆಗಳು ಈ ಬಗ್ಗೆ ದನಿಯೆತ್ತಬೇಕು.

ಒತ್ತಾಯ ಇನ್ನೊಂದೂ ಇರಬೇಕು: ಮೂಲ ವಾರಂಟಿಯೇ ದೀರ್ಘವಾಗಲಿ. ಕೆಟ್ಟರೆ ನಷ್ಟ ತನ್ನದೇ ಎಂದಾದಾಗ ಕಂಪನಿಯು ಬಾಳಿಕೆಯ ಯಂತ್ರವನ್ನು ಕಟ್ಟುತ್ತದೆ. ಇದು ಅಸಾಧ್ಯವೇನಲ್ಲ. ಮಾರುತಿ ಸುಝುಕಿಯು 2024ರ ಜುಲೈನಲ್ಲಿ ತನ್ನ ಮೂಲ ವಾರಂಟಿಯನ್ನು 2 ವರ್ಷ ಅಥವಾ 40,000 ಕಿ.ಮೀ.ಯಿಂದ 3 ವರ್ಷ ಅಥವಾ 1,00,000 ಕಿ.ಮೀ.ಗೆ ಏರಿಸಿತು. ಹಿಂದೆ ಹಣ ಕೊಟ್ಟು ಪಡೆಯಬೇಕಾಗಿದ್ದ ಮೂರನೆಯ ವರ್ಷ ಕಾರಿನೊಂದಿಗೇ ಬರುವಂತಾಯಿತು.

ಸದ್ಯಕ್ಕೆ ಹಳ್ಳಿಗಳು ಮಾಡಬಹುದಾದ ಕೆಲಸವೂ ಇದೆ. ಕಾರಿರುವ ಹತ್ತು ಮನೆಗಳು ವರ್ಷಕ್ಕೆ ತಲಾ 4,000 ರೂ.ಗಳನ್ನು ಸ್ವಸಹಾಯ ಸಂಘದ ಮಾದರಿಯಲ್ಲಿ ಸೊಸೈಟಿಯ ಜಂಟಿ ಖಾತೆಗೆ ಹಾಕಿದರೆ ಮೂರು ವರ್ಷಕ್ಕೆ 1,20,000 ರೂ. ಕೂಡುತ್ತದೆ. ಯಾರ ಕಾರಿಗೆ ದೊಡ್ಡ ರಿಪೇರಿ ಬಂದರೂ ಅದರಿಂದ ಬಡ್ಡಿಯಿಲ್ಲದೆ ನೆರವು ನೀಡಬಹುದು. ಕಂಪನಿಯು ಸಾವಿರಾರು ಗ್ರಾಹಕರ ನಡುವೆ ಅಪಾಯವನ್ನು ಹಂಚಿ ಲಾಭ ಪಡೆಯುವುದೂ ಇದೇ ತತ್ವದಿಂದ. ಇಲ್ಲಿ ಉಳಿದ ಹಣ ಊರಿನಲ್ಲಿಯೇ ಇರುತ್ತದೆ. ಕೊಯ್ಲಿಗೆ, ನಾಟಿಗೆ ಮುಯ್ಯಾಳು ಕಟ್ಟಿ ಕೆಲಸ ಮಾಡುತ್ತಿದ್ದ ಮಲೆನಾಡಿಗೆ ಈ ವ್ಯವಸ್ಥೆ ಅಪರಿಚಿತವಾಗಬಾರದು. ಹಾಗಾಗಿ ಮುಂದಿನ ಕೊಯ್ಲಿನ ನಂತರ ಕಾರು ಕೊಳ್ಳಲು ಹೊರಟವರು ಬೆಲೆಪಟ್ಟಿಯ ಆ ಸಾಲನ್ನು ಮೊದಲ ದಿನ ತೆಗೆದುಹಾಕಲು ಹೇಳಲಿ, ನೀರು ನುಗ್ಗುವುದಕ್ಕೆ ಸಂಬಂಧಿಸಿದ ವಿಮೆಯ ಸೇರ್ಪಡೆಯನ್ನು ವಿಚಾರಿಸಲಿ, ವಾರಂಟಿಯ ತೀರ್ಮಾನವನ್ನು ಎರಡು ಮಳೆಗಾಲ ಕಳೆದ ಮೇಲೆ ಕೈಗೊಳ್ಳಲಿ.